ಕಾಟಾದ ಮುಂದೆ ನಾನು ‘ನೆನಪಿಲ್ಲ’ ಎಂದದ್ದು

ನೆನಪಿಲ್ಲ ಅಂದೆ. ನೆನಪಿತ್ತು.

ನನ್ನ ತಂಗಿಯ ಪರವಾಗಿ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಅದನ್ನು ಹೇಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಇಪ್ಪತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ಆಕೆಯೂ ನೋಡುತ್ತಿದ್ದಳು. ನಾನು ನೆಲ ನೋಡಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಕೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುತ್ತ ಹೋದರೆ ಓದುವವರು ನನ್ನನ್ನು ಒಳ್ಳೆಯ ಅಣ್ಣ ಎಂದುಕೊಂಡಾರು.

ಹೋದ ತಿಂಗಳು ಹಾವೇರಿಗೆ ಹೋದಾಗ ನನ್ನ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ರಿಪೇರಿ ಅಂಗಡಿಗೆ ಕೊಟ್ಟೆ. ಅಂಗಡಿಯವನು ಫೋನಿನ ಹೊಟ್ಟೆ ಬಿಚ್ಚಿ, ಕಾದ ಕಡ್ಡಿಯನ್ನು ಬೆಸುಗೆಯ ತಂತಿಗೆ ಮುಟ್ಟಿಸಿದ. ಕೂದಲೆಳೆಯಷ್ಟು ಹೊಗೆ ಎದ್ದಿತು. ಆ ವಾಸನೆ... ಅರ್ಧ ಧೂಪದ ಹಾಗೆ, ಅರ್ಧ ಸೀದ ಬೆಲ್ಲದ ಹಾಗೆ. ರಾಣೆಬೆನ್ನೂರಿನಿಂದ ಸಂಜೆಯ ಬಸ್ಸಿಗೆ ಬಂದಿಳಿಯುತ್ತಿದ್ದ ತಂಗಿಯ ಓಢಣಿಯಿಂದ ದಿನಾ ಬರುತ್ತಿದ್ದ ವಾಸನೆ ಅದೇ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು, “ಬಂದ್ಳಪಾ ನಿಮ್ಮ ಕಮ್ಮಾರ” ಅನ್ನುತ್ತಿದ್ದಳು. ತಂಗಿ “ತಗೋ ವೈನಿ” ಎನ್ನುತ್ತ ಓಢಣಿಯನ್ನು ಬೇಕೆಂದೇ ಅವಳ ಮುಖದ ಮೇಲೆ ಬೀಸುತ್ತಿದ್ದಳು. ಅಂಗಡಿಯವನು ಎರಡು ಸಲ ಕರೆದ ಮೇಲೆ ನನಗೆ ಎಚ್ಚರವಾಯಿತು. ಫೋನು ತೆಗೆದುಕೊಂಡು ಹೊರಗೆ ಬಂದು, ಯಾವ ಬಸ್ಸಿಗೆ ಹೋಗಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ.

ನನಗಿಂತ ಅವಳು ಹನ್ನೊಂದು ವರ್ಷಕ್ಕೆ ಸಣ್ಣವಳು. ಅಪ್ಪ ತೀರಿಕೊಂಡಾಗ ನಾನು ಏಳನೇ ಇಯತ್ತೆ ಬಿಟ್ಟು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರಲು ಹೋದೆ. ಕೆಲವು ವರ್ಷಕ್ಕೆ ಅವ್ವನೂ ಹೋದಳು. ಆ ಮೇಲೆ ಅವಳಿಗೆ ತಲೆ ಬಾಚಿದವನೂ ನಾನೇ, ಶಾಲೆಯ ಫಾರ್ಮಿನಲ್ಲಿ ಪಾಲಕರ ಸಹಿ ಹಾಕಿದವನೂ ನಾನೇ. ನನ್ನ ಸಹಿ ಚೆನ್ನಾಗಿತ್ತು. ಮುಂದೆ ಆ ಸಹಿಯೇ ನನ್ನ ಕೊರಳಿಗೆ ಬಂತು.

ಆಕೆ ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದಳು. ಕೆಟ್ಟ ಬೋರ್ಡುಗಳಿಗೆ ಬೆಸುಗೆ ಹಾಕುವುದು ಹೊಟ್ಟೆಪಾಡಿನ ಕೆಲಸ. ಆದರೆ ಆಕೆಯ ಜೀವ ಇದ್ದದ್ದು ಬೇರೆ ಕಡೆ. ಕಂಪ್ಯೂಟರಿನ ತೀರಾ ಒಳಗೆ ಕರ್ನಲ್ ಅಂತ ಒಂದು ಇರುತ್ತದಂತೆ, ಉಳಿದ ಎಲ್ಲ ಪ್ರೋಗ್ರಾಮುಗಳನ್ನೂ ಆಳುವುದು ಅದೇ ಅಂತೆ. ಯಾರೋ ಬಿಸಾಕಿದ ಲ್ಯಾಪ್‌ಟಾಪನ್ನು ತಾನೇ ಜೋಡಿಸಿಕೊಂಡು ಆ ಕರ್ನಲ್ಲಿನ ಬರಹಗಳನ್ನು ಓದುತ್ತ ಕೂಡುತ್ತಿದ್ದಳು. ರೊಟ್ಟಿ ತಟ್ಟುವಾಗಲೂ ಅದೇ ಧ್ಯಾನ. ಒಂದು ದಿನ ಊಟಕ್ಕೆ ಕೂತಾಗ, ಅದೇನು ಅಂತ ನನಗೂ ಹೇಳು ಅಂದೆ.

“ನಮ್ಮೂರ ಕೋಲ್ಡ್ ಸ್ಟೋರೇಜ್ ಇದ್ದಂಗ ಅಣ್ಣಾ” ಅಂದಳು. “ಒಂದೊಂದು ಪ್ರೋಗ್ರಾಮ್ ಅಂದ್ರ ಅಲ್ಲಿ ಚೀಲ ಇಟ್ಟ ಒಬ್ಬೊಬ್ಬ ರೈತ. ನಿನ್ನ ಚೀಟಿಯೊಳಗೂ ಐದನೇ ಚೀಲ ಅಂತ ಇರತೈತಿ, ನನ್ನ ಚೀಟಿಯೊಳಗೂ ಐದನೇ ಚೀಲ ಅಂತ ಇರತೈತಿ. ಎರಡೂ ಒಂದ ಅಲ್ಲ. ಖರೇ ಯಾವ ಮಾಳಿಗಿ, ಯಾವ ಸಾಲಿನಾಗ ಐತಿ ಅನ್ನೋದು ಮ್ಯಾನೇಜರನ ಪುಸ್ತಕಕ್ಕಷ್ಟ ಗೊತ್ತು. ಆ ಮ್ಯಾನೇಜರ್ ಅಂದ್ರ ಕರ್ನಲ್. ಒಬ್ಬ ರೈತ ಇನ್ನೊಬ್ಬನ ಚೀಲ ಮುಟ್ಟಾಕ ಬರಂಗಿಲ್ಲ.”

“ಮತ್ತ ಮುಟ್ಟಲೇಬೇಕಂದ್ರ?”

“ಮ್ಯಾನೇಜರನ ಬಾಜೂಕ ನನ್ನ ಒಬ್ಬ ಆಳನ್ನ ಕುಂದ್ರಿಸ್ತೇನಿ. ಅದಕ್ಕ ಮಾಡ್ಯೂಲ್ ಅಂತಾರ. ಅಂವ ಪುಸ್ತಕ ನೋಡಿ, ಆ ಚೀಲ ಎಲ್ಲೈತಿ ಅಂತ ಹುಡುಕಿ, ನೋಡೋ ಮಟಾ ಅದು ಕದಲದಂಗ ಹಿಡಕೊಂಡು, ನಕಲು ಬರಕೊಂಡು ಬಿಟ್ಟುಬಿಡ್ತಾನ. ಚೀಲದ ಮಾಲಕಗ ಗೊತ್ತ ಆಗಂಗಿಲ್ಲ.” ಆಮೇಲೆ ತಾನೇ ನಕ್ಕಳು. “ಆದ್ರ ಕರ್ನಲ್ ಭಾಳ ಮಡಿ ಐತಿ. ಹೊರಗಿನಾಂವ ಒಳಗ ಬಂದ ಅಂದ್ರ, ‘ನಾ ಮೈಲಿಗಿ ಆದೆ’ ಅಂತ ತನ್ನ ಡೈರಿಯೊಳಗ ಒಂದು ಸಾಲು ಬರದ ಇಡತೈತಿ. ಥೇಟ್ ನಮ್ಮ ಆಯಿ ಹಂಗ!”

ಆಯಿಯ, ಅಂದರೆ ನಮ್ಮ ಅಜ್ಜಿಯ, ಮಡಿಯನ್ನು ನೆನೆದು ಇಬ್ಬರೂ ನಕ್ಕೆವು. ನನಗೆ ಅರ್ಥವಾದದ್ದು ಅಷ್ಟೇ. ಆದರೆ ಅಷ್ಟು ಅರ್ಥವಾಗಿತ್ತು. ಇದನ್ನೂ ಬರೆಯಬೇಕು, ಯಾಕೆಂದರೆ ಮುಂದೆ ನಾನು ಏನೂ ತಿಳಿಯದ ಹಳ್ಳಿಗನ ಹಾಗೆ ನಿಂತೆ.

ಆಗ ನಾನು ಚೀಲ ಹೊರುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಊರ ಹೊರಗಿನ ಒಂದು ಕಾಟಾದಲ್ಲಿ, ಅಂದರೆ ಟ್ರ್ಯಾಕ್ಟರು ಟೆಂಪೋಗಳನ್ನು ಸರಕು ಸಮೇತ ತೂಗುವ ಕಟ್ಟೆಯಲ್ಲಿ, ಚೀಟಿ ಕೊಡುವವನಾಗಿದ್ದೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿದವರು ಸಾವ್ಕಾರರು. ಕಾಟಾ ಅವರದು, ಮೆಣಸಿನಕಾಯಿ ಖರೀದಿಯೂ ಅವರದೇ. ಗಾಡಿ ಕಟ್ಟೆ ಏರಿದರೆ ತೂಕ ಕಂಪ್ಯೂಟರಿಗೆ ಬರುತ್ತಿತ್ತು, ಕಂಪ್ಯೂಟರು ಹೊರಗಿನ ಹಲಗೆಯ ಮೇಲೆ ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು, ನಾನು ಚೀಟಿ ತೆಗೆದು ಸಹಿ ಹಾಕುತ್ತಿದ್ದೆ. ವರ್ಷಕ್ಕೊಮ್ಮೆ ತಪಾಸಣೆಯವರು ಬಂದು ತಮ್ಮ ಮುದ್ರೆಯ ಕಲ್ಲುಗಳನ್ನು ಇಟ್ಟು ನೋಡುತ್ತಿದ್ದರು. ಗುಲಗಂಜಿಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ.

ಒಂದು ಸೋಮವಾರ, ಮಾರುಕಟ್ಟೆಯ ದಿನ, ಕುಪ್ಪೇಲೂರಿನ ಹಿರಿಯರೊಬ್ಬರು ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದರು. ದಾರಿಯಲ್ಲಿ ರಾಣೆಬೆನ್ನೂರಿನಲ್ಲಿ ಪರಿಚಯದವರ ಕಾಟಾದ ಮೇಲೆ ಸುಮ್ಮನೆ ಗಾಡಿ ಹತ್ತಿಸಿದ್ದರಂತೆ. ಅಲ್ಲಿಗಿಂತ ಇಲ್ಲಿ ನಲವತ್ತು ಕಿಲೋ ಕಡಿಮೆ. ಸಿಟ್ಟಿನಿಂದ ಕೇಳಲಿಲ್ಲ, ಸಂಕೋಚದಿಂದ ಕೇಳಿದರು. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ಬಿಸಿಲಿಗೆ ಒಣಗಿರತೈತ್ರಿ ಯಜಮಾನ್ರ.”

ನಮ್ಮ ಕಡೆ ಆ ಮಾತಿಗೆ ಎದುರು ಮಾತಿಲ್ಲ. ಮೆಣಸಿನಕಾಯಿ ಉಸಿರಾಡುವ ಮಾಲು. ಕಣದಲ್ಲಿ ಒಂದು ತೂಕ, ಮನೆಯಲ್ಲಿ ಒಂದು ತೂಕ, ಮಾರುಕಟ್ಟೆಯಲ್ಲಿ ಒಂದು ತೂಕ. ಮುಂಜಾನೆಯ ಇಬ್ಬನಿಗೆ ಏರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಹುಟ್ಟಿದಾಗಿನಿಂದ ಕೇಳಿದ ಮಾತು ಇದು, ಆದ್ದರಿಂದ ತೂಕ ಕಡಿಮೆ ಬಂದರೆ ನಮ್ಮ ಜನ ಕಾಟಾದ ಕಡೆ ನೋಡುವುದಿಲ್ಲ, ಆಕಾಶದ ಕಡೆ ನೋಡುತ್ತಾರೆ. ಹಿರಿಯರು, “ಹೌದ್ ಬಿಡ್ರಿ, ನನಗ ಹೊಳೀಲಿಲ್ಲ” ಎಂದು ತಾವೇ ತಪ್ಪು ಮಾಡಿದವರ ಹಾಗೆ ಹೋದರು.

ಸಂಜೆ ಇದನ್ನು ಮನೆಯಲ್ಲಿ ತಮಾಷೆ ಮಾಡಿ ಹೇಳಿದೆ. ತಂಗಿ ನಗಲಿಲ್ಲ.

“ಮೂವತ್ತು ಕಿಲೋಮೀಟರಿನ್ಯಾಗ ಎರಡು ಕೊಡ ನೀರು ಆರಿ ಹೋತೇನಣ್ಣಾ? ತಾಡಪಾಲಿನ ಕೆಳಗ? ಮುಂಜಾನೆ ಎಂಟಕ್ಕ?”

ಎಂಟು ವರ್ಷ ನಾನೂ ಆಕಾಶದ ಕಡೆಯೇ ನೋಡಿದ್ದೆ.

ಮುಂದಿನ ಐತವಾರ ಸಾವ್ಕಾರರು ಮನೆಯವರೊಂದಿಗೆ ಕಾಗಿನೆಲೆಗೆ ಹೋಗಿದ್ದರು. ಕಾಟಾ ಮನೆಯ ಕೀಲಿಯನ್ನು ನನ್ನ ಕೈಯಾರೆ ಆಕೆಗೆ ಕೊಟ್ಟೆ. ಕಂಪ್ಯೂಟರಿನ ಪಾಸ್‌ವರ್ಡು ಪರದೆಯ ಹಿಂದೆ ಒಂದು ಚೀಟಿಯಲ್ಲಿ ಅಂಟಿಸಿತ್ತು, ಅದನ್ನೂ ತೋರಿಸಿದೆ. ಅದಕ್ಕೆ ಮೊದಲು ಆಕೆ ಒಂದು ದಿನವೂ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ನನಗೆ ಊಟ ತಂದರೂ ಕಿಟಕಿಯಿಂದಲೇ ಡಬ್ಬಿ ಕೊಟ್ಟು ಹೋಗುತ್ತಿದ್ದಳು.

ತೂಗುವ ಪ್ರೋಗ್ರಾಮು ಬಹಳ ಜಾಣ ಇತ್ತಂತೆ. ಯಾರಾದರೂ ತನ್ನ ಒಳಗೆ ಇಣುಕಲು ಬಂದದ್ದು ತಿಳಿದರೆ ಥಟ್ಟನೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ಆಕೆ ಕರ್ನಲ್ಲಿನ ಪಕ್ಕದಲ್ಲಿ ತನ್ನ ಆಳನ್ನು ಕೂರಿಸಿದಳು. ಕೆಳಗಿನಿಂದ ಓದಿದರೆ ಅದಕ್ಕೆ ಸುಳಿವು ಸಿಗುವುದಿಲ್ಲ. ಆದರೆ ಅಷ್ಟು ದೊಡ್ಡ ಮೆಮೊರಿಯಲ್ಲಿ ತೂಕದ ಅಂಕಿ ಎಲ್ಲಿದೆ? ಅದನ್ನು ಹುಡುಕಲು ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿದಳು.

“ಅರವತ್ತು!” ಎಂದು ಒಳಗಿನಿಂದ ಕೂಗಿದಳು. “ವೈನಿ ಕೈಯಡಗಿ ಚಲೋ ಐತಿ. ಈಗ ಕೆಳಗ ಇಳಿ. ಹತ್ತು. ಕಲ್ಲು ಎತಗೊಂಡು ಹತ್ತು. ಇಳಿ...”

ನಾಲ್ಕು ಟನ್ನಿನ ಗಾಡಿ ತೂಗುವ ಕಟ್ಟೆಯ ಮೇಲೆ ಮಂಗನ ಹಾಗೆ ಹತ್ತಿ ಇಳಿದೆ. ಅಂಕಿ ಬದಲಾದಾಗಲೆಲ್ಲ ಮೆಮೊರಿಯಲ್ಲಿ ಅದೇ ಹೊತ್ತಿಗೆ ಬದಲಾದದ್ದು ಯಾವುದು ಎಂದು ಆಕೆ ಸೋಸುತ್ತಿದ್ದಳು. ಸಾವಿರಾರು ಇದ್ದದ್ದು ನೂರಾಯಿತು, ನೂರು ಹತ್ತಾಯಿತು. ಕೊನೆಗೆ ಎರಡು ಉಳಿದವು. ಒಂದು ಕಟ್ಟೆಯಿಂದ ಬಂದ ಅಂಕಿ, ಇನ್ನೊಂದು ಹೊರಗೆ ತೋರಿಸುವ ಅಂಕಿ. ನನ್ನ ತೂಕಕ್ಕೆ ಎರಡೂ ಒಂದೇ.

“ನಿನ್ನ ವಿಷಯದಾಗ ಪ್ರಾಮಾಣಿಕ ಐತಿ ಇದು” ಅಂದಳು. “ಇಷ್ಟ ಸಾಕು. ಮಂದೀ ಚೀಲ ಪೂರಾ ಬಿಚ್ಚಿ ನೋಡೋದು ಚಲೋದಲ್ಲ. ನಾ ಈ ಎರಡ ಅಂಕಿ ನೋಡ್ತೇನಿ, ಮತ್ತೇನೂ ನೋಡಂಗಿಲ್ಲ.”

ಕೋಣೆಯ ಸೆಕೆಗೆ ಆಕೆಯ ಮೂಗಿನ ತುದಿ ಕೆಂಪಾಗಿತ್ತು. ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ...

ಸೋಮವಾರ ಆಕೆ ರಜೆ ಹಾಕಿ, ನನ್ನ ಡಬ್ಬಿ ಹಿಡಿದುಕೊಂಡು ಬಂದು, ಕೋಣೆಯೊಳಗೆ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಮೆಣಸಿನಕಾಯಿ ಗಾಡಿಗಳು ಬರತೊಡಗಿದವು. ಮೊದಲನೆಯ ಟ್ರ್ಯಾಕ್ಟರಿಗೆ ಕಟ್ಟೆ ಹೇಳಿದ್ದು ಮೂರು ಸಾವಿರದ ಎಂಟುನೂರಾ ನಲವತ್ತು. ಹೊರಗೆ ಕಂಡದ್ದು ಮೂರು ಸಾವಿರದ ಎಂಟುನೂರು. ಎರಡನೆಯದಕ್ಕೂ ಹಾಗೆಯೇ. ಮೆಕ್ಕೆಜೋಳದ ಗಾಡಿ ಬಂದರೆ ಎರಡೂ ಅಂಕಿ ಸರಿ. ಸರಕಿನ ಹೆಸರಿನಲ್ಲಿ ಮೆಣಸಿನಕಾಯಿ ಎಂದು ಒತ್ತಿದರೆ ಮಾತ್ರ, ಅದೂ ಭಾರ ಜಾಸ್ತಿ ಇದ್ದರೆ ಮಾತ್ರ, ನಲವತ್ತು ಕಿಲೋ ಮಾಯ. ಒಣಗಿತು ಎಂದರೆ ನಂಬುವಷ್ಟೇ ಕಡಿತ, ಅದಕ್ಕಿಂತ ಒಂದು ಕಿಲೋ ಹೆಚ್ಚಿಲ್ಲ. ಯಾರೋ ನಮ್ಮ ಜನರ ಮನಸ್ಸನ್ನು ಚೆನ್ನಾಗಿ ಅಳೆದು ಮಾಡಿದ್ದರು.

ಆಕೆ ಹದಿನಾಲ್ಕು ಗಾಡಿಗಳ ಅಂಕಿಯನ್ನು ಜೋಡಿ ಜೋಡಿಯಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಪ್ರತಿ ಚೀಟಿಗೂ ನಾನು ಸಹಿ ಹಾಕುತ್ತಿದ್ದೆ. ಮೋಸ ಕಣ್ಣಿಗೆ ಬಿದ್ದ ಮೇಲೂ ಹಾಕುತ್ತಲೇ ಹೋದೆ. ಹದಿನೈದನೆಯ ಗಾಡಿ ಕಟ್ಟೆಯ ಮೇಲಿದ್ದಾಗ ಯಂತ್ರ ಗರ ಬಡಿದಂತೆ ನಿಂತಿತು. ಕೀಲಿಮಣೆ ಒತ್ತಿದರೆ ಉತ್ತರವಿಲ್ಲ. ಹೊರಗೆ ಗಾಡಿಗಳು ಹಾರನ್ ಹೊಡೆಯತೊಡಗಿದವು.

“ಅಣ್ಣಾ, ತಪ್ಪು ನಂದು” ಎಂದು ಪಿಸುಗುಟ್ಟಿದಳು. “ನಕಲು ಬರಕೊಳ್ಳಾಕ ಪ್ರತಿ ಸಲ ಒಂದು ಖಾಲಿ ಚೀಲ ತಗೋತಿದ್ದೆ. ಒಂದು ಕಡೆ ವಾಪಸ್ ಇಡೋದು ಮರತೇನಿ. ಇದ್ದ ಚೀಲ ಎಲ್ಲಾ ತೀರ್ಯಾವು. ಬ್ಯಾರೆ ಪ್ರೋಗ್ರಾಮಿನ್ಯಾಗ ತಪ್ಪಾದ್ರ ಅದೊಂದ ಸಾಯತೈತಿ. ಕರ್ನಲ್‌ನ್ಯಾಗ ತಪ್ಪಾದ್ರ ಇಡೀ ಮನಿ ಬೀಳತೈತಿ.”

ಗದ್ದಲ ಕೇಳಿ ಸಾವ್ಕಾರರು ಬಂದರು. ಆಕೆಯನ್ನು ನೋಡಿದರು, ಮಡಿಲಿನ ನೋಟ್‌ಬುಕ್ ನೋಡಿದರು. “ಊಟ ತಂದಿದ್ಯೇನವ್ವಾ?” ಎಂದಷ್ಟೇ ಕೇಳಿದರು. ನಾನು ಯಂತ್ರ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ.

ಅಂದು ಸಂಜೆಯೇ ತಪಾಸಣೆಯವರ ಹತ್ತಿರ ಹೋಗೋಣ ಎಂದಳು. ಎರಡು ದಿನ ತಡಿ ಅಂದೆ. ಯಾಕೆ ಎಂದು ಕೇಳಿದಳು. ವಿಚಾರ ಮಾಡಬೇಕು ಅಂದೆ. ವಿಚಾರ ಏನೂ ಇರಲಿಲ್ಲ, ಹೆದರಿಕೆ ಇತ್ತು. ಆಕೆ ಕಾಯಲಿಲ್ಲ. ಕುಪ್ಪೇಲೂರಿನ ಹಿರಿಯರಿಗೆ ಫೋನು ಮಾಡಿ, ಬುಧವಾರ ನಾಲ್ಕು ಮಂದಿಯನ್ನು ಕರೆದುಕೊಂಡು ಬರ್ರಿ, ನಿಮ್ಮ ನಲವತ್ತು ಕಿಲೋ ಎಲ್ಲಿ ಹೋತು ತೋರಸ್ತೇನಿ ಎಂದು ಹೇಳಿದಳು.

ಮಂಗಳವಾರ ಆ ಪ್ರೋಗ್ರಾಮು ಮಾಡಿಕೊಟ್ಟ ಕಂಪನಿಯವನು ಪರವೂರಿನಿಂದ ಬಂದ. ಬುಧವಾರ ಮುಂಜಾನೆ, ಜನ ಸೇರುವ ಮೊದಲು, ಸಾವ್ಕಾರರು ನನ್ನನ್ನು ಗೋದಾಮಿನ ಹಿಂದೆ ಕರೆದರು. ಬೈಯಲಿಲ್ಲ. ಹೆಗಲ ಮೇಲೆ ಕೈ ಇಟ್ಟರು.

“ಎಂಟು ವರ್ಷದ ಚೀಟಿ ಅದಾವು. ಒಂದರ ಮ್ಯಾಲರ ನನ್ನ ಸಹಿ ಐತೇನು ನೋಡು. ನಿಂದ ಐತಿ. ನಾಳೆ ರೈತರು ಹಿಡಕೊಂಡು ಹೊಡದ್ರ ಯಾರನ್ನ ಹೊಡೀತಾರ?”

ಅಷ್ಟೇ. ಆ ಮೇಲೆ ನನ್ನ ಬಾಯಿ ನನ್ನದಾಗಿ ಉಳಿಯಲಿಲ್ಲ.

ತಗಡಿನ ಶೆಡ್ಡಿನ ಕೆಳಗೆ ಇಪ್ಪತ್ತು ಜನ ಸೇರಿದ್ದರು. ತಂಗಿ ನೋಟ್‌ಬುಕ್ ತೆರೆದು, ನಿಂತಲ್ಲೇ, ಗಡಿಬಿಡಿ ಇಲ್ಲದೆ ಎಲ್ಲವನ್ನೂ ಹೇಳಿದಳು. ಸಾವ್ಕಾರರು ತಾಳ್ಮೆಯಿಂದ ಕೇಳಿ, ಕಂಪನಿಯವನ ಕಡೆ ಕೈ ಮಾಡಿದರು. ಅವನು ಒಂದು ಹಾಳೆ ತೆಗೆದು ಓದಿದ. ಹೊರಗಿನ ಮಾಡ್ಯೂಲ್ ಒಂದು ಬಂದು ಸೇರಿದ್ದಕ್ಕೆ ಕರ್ನಲ್ ಬರೆದಿಟ್ಟ ಸಾಲು. ಆಕೆ ನಮ್ಮ ಆಯಿಯ ಹೆಸರು ಹೇಳಿ ನಕ್ಕಿದ್ದ ಅದೇ ಸಾಲು.

“ತೂಕ ಕಡಿಮಿ ಬಂದದ್ದು ಖರೇ” ಅಂದರು ಸಾವ್ಕಾರರು. “ನನಗೂ ಈಗ ತಿಳೀತು. ಯಾಕಂದ್ರ ಈ ಹುಡುಗಿ ನನ್ನ ಯಂತ್ರದಾಗ ಕೈ ಹಾಕ್ಯಾಳ. ಇದು ಇಂದ ನಿನ್ನೆ ಮಾತಲ್ಲ. ತಿಂಗಳಾನಗಟ್ಟಲೆ ಅಣ್ಣಗ ಡಬ್ಬಿ ತರೋ ನೆವದಾಗ ಬಂದು ಹೋಗ್ಯಾಳ. ಕೀಲಿ ಕದ್ದಾಳ.”

ತಾನು ಓದಿದ್ದೇ ಹೊರತು ಬದಲಿಸಲಿಲ್ಲ ಎಂದು ಆಕೆ ಹೇಳಿದಳು. ಓದುವುದಕ್ಕೂ ಬದಲಿಸುವುದಕ್ಕೂ ಇರುವ ಭೇದ ಆ ಶೆಡ್ಡಿನ ಕೆಳಗೆ ಯಾರಿಗೆ ತಿಳಿಯಬೇಕು? ಒಳಗೆ ಹೋದವಳು ಒಳಗೆ ಹೋದವಳೇ. ಕುಪ್ಪೇಲೂರಿನ ಹಿರಿಯರು ಗೊಂದಲದಿಂದ ಆಕೆಯನ್ನೂ ಸಾವ್ಕಾರರನ್ನೂ ನೋಡುತ್ತಿದ್ದರು. ಆಗ ಆಕೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನಿದ್ದೇನೆ ಎಂಬ ಧೈರ್ಯ ಇತ್ತು.

“ನಾ ಈ ಕ್ವಾಣ್ಯಾಗ ಮೊದಲನೇ ಸಲ ಕಾಲಿಟ್ಟದ್ದು ಮೊನ್ನೆ ಐತಾರ. ಯಜಮಾನ್ರ ತೂಕ ಕಡಿಮಿ ಬಂದದ್ದು ಅದಕ್ಕೂ ಮೊದಲ. ಅಣ್ಣಗ ಎಲ್ಲಾ ಗೊತ್ತೈತಿ. ಕೇಳ್ರಿ ಅಣ್ಣನ್ನ.”

ಹಿರಿಯರು ಕೇಳಿದರು. “ಹೇಳಪಾ. ಆಕಿ ಮೊದಲನೇ ಸಲ ಒಳಗ ಬಂದದ್ದು ಯಾವಾಗ? ಕೀಲಿ ಯಾರ ಕೊಟ್ರು?”

“ನೆನಪಿಲ್ರಿ” ಅಂದೆ.

ಯಾರೂ ಕೂಗಾಡಲಿಲ್ಲ. ಹಿರಿಯರು ಟೊಪ್ಪಿಗೆ ತೆಗೆದು ಜಾಡಿಸಿ ಮತ್ತೆ ಹಾಕಿಕೊಂಡು, “ಒಡಹುಟ್ಟಿದಾಂವನ ಸುಮ್ಮನ ಅದಾನ ಅಂದ ಮ್ಯಾಲೆ ಮುಗೀತು” ಅಂದರು. ತಂಗಿ ನೋಟ್‌ಬುಕ್ ಮುಚ್ಚಿದಳು. ಆಕೆ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಲೆಕ್ಕ ತಪ್ಪಿದಾಗ ತಪ್ಪು ಎಲ್ಲಾಗಿದೆ ಎಂದು ಹುಡುಕುತ್ತಿದ್ದಳಲ್ಲ, ಹಾಗೆ ನನ್ನ ಮುಖವನ್ನು ನೋಡುತ್ತಿದ್ದಳು.

ಸಾವ್ಕಾರರು ದೊಡ್ಡ ಮನಸ್ಸು ಮಾಡಿದರು. ಪೊಲೀಸರ ಕೈಗೆ ಕೊಡುವುದಿಲ್ಲ, ತಪ್ಪೊಪ್ಪಿಗೆ ಬರೆದುಕೊಟ್ಟರೆ ಸಾಕು ಎಂದರು. ಆಕೆ ಬರೆದುಕೊಟ್ಟಳು. ಆಕೆ ಬರೆಯದಿದ್ದರೆ ಮುಂದಿನ ಪ್ರಶ್ನೆ ನನ್ನ ಸಹಿಯ ಬಗ್ಗೆ ಬರುತ್ತದೆಂದು ಆಕೆಗೆ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತೇ ಕಂಪನಿಯವನು ಪ್ರೋಗ್ರಾಮನ್ನು ‘ಸರಿ’ ಮಾಡಿಕೊಟ್ಟು ಹೋದ. ಮರುದಿನದಿಂದ ತೂಕ ಸರಿ ಬಂತು. ಹುಡುಗಿ ಕೈ ಹಾಕುವುದನ್ನು ಬಿಟ್ಟಳು, ತೂಕ ಸರಿಯಾಯಿತು ಎಂದು ಮೂರು ತಾಲೂಕು ಮಾತಾಡಿಕೊಂಡಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ರಾಣೆಬೆನ್ನೂರಿನ ಅಂಗಡಿಯವರು ಬರಬೇಡ ಎಂದರು. ಕಂಪ್ಯೂಟರ್ ಕೆಟ್ಟವರು ಅದನ್ನು ಆಕೆಯ ಕೈಗೆ ಹೇಗೆ ಕೊಟ್ಟಾರು? ಒಂದು ವಾರ ಆಕೆ ಮನೆಯಲ್ಲಿ ನನ್ನ ಎದುರಿಗೇ ಉಂಡು, ನನ್ನ ಎದುರಿಗೇ ಮಲಗಿ, ಒಂದು ಮಾತೂ ಆಡಲಿಲ್ಲ. ನಂತರ ಒಂದು ಬ್ಯಾಗು ಹಿಡಿದುಕೊಂಡು ಹೊರಟಳು. ಅಗಡಿಯಲ್ಲಿ ಒಂದು ಕೋಣೆ ಹಿಡಿದು, ದಿನಾ ಹಾವೇರಿಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಲ್ಯಾಪ್‌ಟಾಪನ್ನು ನಮ್ಮ ಅಟ್ಟದ ಮೇಲೆಯೇ ಬಿಟ್ಟು ಹೋಗಿದ್ದಳು. ನನ್ನ ಹೆಂಡತಿ ಅದನ್ನು ಒಂದು ಸೀರೆಯಲ್ಲಿ ಸುತ್ತಿಟ್ಟಳು. ಆ ವಿಷಯದಲ್ಲಿ ನನ್ನ ಜೊತೆ ಅವಳು ಇವತ್ತಿಗೂ ಮಾತಾಡುವುದಿಲ್ಲ.

ನಾನು ಮಾತ್ರ ಮತ್ತೂ ಎರಡು ವರ್ಷ ಅದೇ ಕುರ್ಚಿಯ ಮೇಲೆ ಕೂತೆ. ಸಾವ್ಕಾರರು ಹೊಸ ಫ್ಯಾನ್ ಹಾಕಿಸಿಕೊಟ್ಟಿದ್ದರು.

ಒಂದೇ ಒಂದು ಸಲ ಅಗಡಿಗೆ ಹೋದೆ. ಹೇಳಬೇಕೆಂದೇ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆಕೆ ಸೊರಗಿದ್ದಳು, ಬೆರಳುಗಳಿಗೆಲ್ಲ ಜೆರಾಕ್ಸಿನ ಮಸಿ. ಚಹಾ ಮಾಡಿಕೊಟ್ಟಳು. ವೈನಿ ಹೆಂಗದಾಳ ಎಂದು ಕೇಳಿದಳು. ನಾನು ಮಳೆಯ ಬಗ್ಗೆ ಮಾತಾಡಿದೆ, ಬಸ್ಸಿನ ಗದ್ದಲದ ಬಗ್ಗೆ ಮಾತಾಡಿದೆ. ಕಪ್ಪು ಖಾಲಿಯಾಗಿ ಬಹಳ ಹೊತ್ತಾಗಿದ್ದರೂ ಕೈಯಲ್ಲೇ ಹಿಡಿದುಕೊಂಡಿದ್ದೆ. ಕೊನೆಗೆ ಆಕೆಯೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ನೀ ಏನು ಹೇಳಾಕ ಬಂದಿ ನನಗ ಗೊತ್ತೈತಿ ಅಣ್ಣಾ” ಅಂದಳು. “ಆದ್ರ ನಾ ಓದಂಗಿಲ್ಲ. ಮಂದೀ ಒಳಗಿಂದು ಓದೋದು ಬಿಟ್ಟೇನಿ. ನೀನ ಬಾಯಿಬಿಟ್ಟು ಹೇಳಬೇಕು.”

ಬಾಯಿ ತೆರೆದೆ. ಹೊರಗೆ ಹಾವೇರಿ ಬಸ್ಸು ಬಂದು ನಿಂತ ಸದ್ದಾಯಿತು. “ಬಸ್ಸ ಬಂತು, ಬರ್ತೇನಿ” ಅಂದೆ. ಆಕೆ ಬಾಗಿಲಿಗೆ ಬಂದು ನಿಂತದ್ದು ಬಸ್ಸಿನ ಕಿಟಕಿಯಿಂದ ಕಂಡಿತು. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ...

ಆ ಮಳೆಗಾಲದಲ್ಲಿ ಆಕೆಗೆ ಜ್ವರ ಬಂತು. ಮೂರು ದಿನ ಗುಳಿಗೆ ನುಂಗಿ ಕೆಲಸಕ್ಕೆ ಹೋದಳಂತೆ. ನಾಲ್ಕನೆಯ ದಿನ ಮನೆಯ ಮಾಲೀಕರು ಆಸ್ಪತ್ರೆಗೆ ಸೇರಿಸಿ ನನಗೆ ಫೋನು ಮಾಡಿದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯವರು ಸಂಬಂಧಿಕರ ಸಹಿ ಬೇಕೆಂದರು. ಹಾಕಿದೆ. ಅಂಥ ಹೊತ್ತಿನಲ್ಲೂ ಸಹಿ ದುಂಡಗೆ ಬಂತು. ಅದನ್ನು ನೋಡಿ ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಜಜ್ಜಿಕೊಳ್ಳಬೇಕೆನ್ನಿಸಿತು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಕಾಟಾ ಬೇರೆಯವರ ಕೈಗೆ ಹೋಗಿದೆ, ಸಾವ್ಕಾರರು ಊರು ಬಿಟ್ಟಿದ್ದಾರೆ. ನಾನು ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳ ಮೇಲೆ ನಂಬರ್ ಬರೆಯುತ್ತೇನೆ. ನೆನಪು ಆರುತ್ತದೆ, ತೂಕ ಇಳಿಯುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಒಂದು ಕಿಲೋ ಇಳಿದಿಲ್ಲ. ಆ ಬುಧವಾರದ ಪ್ರತಿಯೊಂದು ಮುಖವೂ ನಿಂತ ಜಾಗದಲ್ಲೇ ನಿಂತಿದೆ. ಒಳಗೆ ಎಲ್ಲ ಸರಿಯಾಗಿ ಬರೆದಿತ್ತು. ಹೊರಗೆ ತೋರಿಸುವಾಗ ನಾನು ಬೇರೆ ತೋರಿಸಿದೆ. ಆ ಯಂತ್ರಕ್ಕಾದರೂ ಯಾರೋ ಹಾಗೆ ಮಾಡೆಂದು ಬರೆದುಕೊಟ್ಟಿದ್ದರು...

ಹೋದ ತಿಂಗಳು ಆ ಬೆಸುಗೆಯ ವಾಸನೆ ಹೊಡೆದು ಹಾವೇರಿಯಿಂದ ಬಂದ ಮೇಲೆ ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ರಾಣೆಬೆನ್ನೂರಿಗೆ ಹೋಗಿ ಕುಪ್ಪೇಲೂರಿನ ಬಸ್ಸು ಹತ್ತಿದೆ. ಆ ಹಿರಿಯರು ಊರ ಮುಂದಿನ ಕಟ್ಟೆಯ ಮೇಲೆ ಐದಾರು ಜನರೊಂದಿಗೆ ಕೂತಿದ್ದರು. ಬಹಳ ಹಣ್ಣಾಗಿದ್ದರು. ನನ್ನ ಗುರುತು ಹತ್ತಲಿಲ್ಲ. ಕಾಟಾದವನು ಎಂದೆ. ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಹೇಳಲು ಶುರು ಮಾಡಿದೆ. ಅವರು ಕಿವಿಗೆ ಕೈ ಹಚ್ಚಿದರು.

“ಕೇಳಸಂಗಿಲ್ಲಪಾ. ಜೋರ ಹೇಳು.”

ಮತ್ತೆ ಹೇಳಿದೆ.

“ಇನ್ನೂ ಜೋರ ಹೇಳೋ ಮಾರಾಯಾ! ಹೆಣ್ಣ ಕೇಳಾಕ ಬಂದಾಂವನ ಗತಿ ಗುಸುಗುಸು ಮಾಡ್ತೀಯಲ್ಲ!”

ಕಟ್ಟೆಯ ಮೇಲಿದ್ದವರು ನಕ್ಕರು. ನಾನು ಎದ್ದು ನಿಂತು ಕೂಗಿದೆ. ಕೀಲಿ ನಾನೇ ಕೊಟ್ಟೆ ಎಂದು ಕೂಗಿದೆ. ನಿಮ್ಮ ತೂಕ ಕಡಿಮೆ ಬಂದಾಗ ಆ ಹುಡುಗಿ ಒಳಗೆ ಬಂದೇ ಇರಲಿಲ್ಲ, ಎಂಟು ವರ್ಷ ಮೋಸದ ಚೀಟಿಗೆ ಸಹಿ ಹಾಕಿದವನು ನಾನು ಎಂದು ಕೂಗಿದೆ. ನಗು ನಿಂತಿತು. ಒಬ್ಬ ಎದ್ದು, ನನ್ನ ಕಡೆ ನೋಡದೆ, ಕ್ಯಾಕರಿಸಿ ಉಗುಳಿ ಹೋದ. ಎದುರಿನ ಮನೆಯ ಹೆಂಗಸೊಬ್ಬಳು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಹಿರಿಯರು ತಮ್ಮ ಅಂಗೈ ನೋಡಿಕೊಂಡರು. “ಆ ಹುಡುಗಿ ಹೆಸರು ತಗೊಂಡು ನಾ ಹಿಡಿಮಣ್ಣು ತೂರಿದ್ದೆ” ಅಂದರು. “ಈ ಕೈಲೆ. ಹಾಳಾಗಿ ಹೋಗು ಅಂದಿದ್ದೆ. ಎಲ್ಲಿ ಅದಾಳ ಆಕಿ ಈಗ?”

“ಇಲ್ರಿ” ಅಂದೆ. ಆ ಒಂದು ಮಾತು ಮಾತ್ರ ಅವರಿಗೆ ಮೊದಲನೆಯ ಸಲಕ್ಕೇ ಕೇಳಿಸಿತು.

ಅವರ ತಲೆ ಬಗ್ಗಿತು. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಹಂಗಾದ್ರ ನನ್ನ ಮುಂದ ಯಾಕ ಹೇಳ್ತೀ?” ಅಂದರು ಕೊನೆಗೆ. “ಆಕಿಗೆ ಹೇಳು. ಇಲ್ಲಂದ್ರೂ ಹೇಳು. ನಾವು ಕೇಳ್ತೇವಿ.”

ಯಾವ ಕಡೆ ಮುಖ ಮಾಡಿ ಹೇಳಬೇಕೆಂದು ತಿಳಿಯಲಿಲ್ಲ. ರಸ್ತೆಯ ಆಚೆ ಬರಿಯ ಎರೆಹೊಲ. ಆ ಕಡೆ ತಿರುಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ.

“ನೀ ಖರೇ ಹೇಳಿದ್ದೀ ತಂಗಿ. ನಾ ಅಂಜಿ, ನನ್ನ ಜೀವ ಉಳಿಸಿಕೊಂಡು, ನಿನ್ನ ಕೊಂದೆ. ತಪ್ಪಾತವ್ವಾ... ನನ್ನದು ತಪ್ಪಾತು.”